ಬೆಂಕಿಯ ಜೊತೆ ಜಗಳ

ಕೆಲವು ಇಂಗ್ಲಿಷ್ ಪದಗಳು ನಮ್ಮ ಮನೆಗಳಿಗೆ ನೆಂಟರ ಹಾಗೆ ಬಂದು ಮನೆಯವರೇ ಆಗಿಬಿಡುತ್ತವೆ. 'ಟೆನ್ಷನ್' ಹಾಗೆ ಬಂತು. 'ಅಡ್ಜಸ್ಟ್' ಹಾಗೆ ಬಂತು. ಈಗ ಅದಿಲ್ಲದೆ ಬಸ್ಸಿನಲ್ಲಿ ಸೀಟೂ ಸಿಗುವುದಿಲ್ಲ, ಸಂಸಾರವೂ ಸಾಗುವುದಿಲ್ಲ. ಈಚೆಗೆ ಬಂದಿರುವ ಇನ್ನೊಂದು ಪದ 'ಫೈರ್ ಫೈಟಿಂಗ್'. ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ಮಕ್ಕಳ ಬಾಯಿಂದ ಇದು ನಮ್ಮಂಥ ತಾಲ್ಲೂಕು ಊರುಗಳಿಗೆ ತಲುಪಿದೆ. "ಎರಡು ದಿನದಿಂದ ಯಾಕೋ ಫೋನೇ ಇಲ್ಲ?" ಎಂದು ತಾಯಿ ಕೇಳಿದರೆ, "ಏನ್ ಮಾಡೋದಮ್ಮಾ, ಆಫೀಸಲ್ಲಿ ಬರೀ ಫೈರ್ ಫೈಟಿಂಗು" ಎನ್ನುತ್ತಾನೆ ಮಗ. ಮೊದಲ ಸಲ ಕೇಳಿದವರ ಎದೆ ಧಸಕ್ಕೆನ್ನುವುದು ಸಹಜ. ಬೆಂಕಿ ಎಲ್ಲೂ ಬಿದ್ದಿರುವುದಿಲ್ಲ. ಯಾವುದೋ ಕೆಲಸ ಕೆಟ್ಟು ಕೂತಿರುತ್ತದೆ, ಗಿರಾಕಿ ಕೂಗಾಡುತ್ತಿರುತ್ತಾನೆ, ಇವರು ರಾತ್ರಿಯೆಲ್ಲ ಕೂತು ಸರಿ ಮಾಡುತ್ತಿರುತ್ತಾರೆ. ಅಷ್ಟೆ.

ಅಷ್ಟೆ ಎಂದೆ, ನಿಜ. ಆದರೆ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಒಂದು ಪದ ಕಿವಿಗೆ ಬಿದ್ದರೆ ಅದನ್ನು ಮಗುಚಿ ನೋಡದೆ ಇರಲಾಗುವುದಿಲ್ಲ. ಈ ಪದದ ಒಳಗೆ 'ಕಾಳಗ' ಇದೆ. ಬೆಂಕಿಯ ವಿರುದ್ಧ ಕಾಳಗ. ಅದನ್ನು ಮಾಡುವವನು ತಾನಾಗಿಯೇ ವೀರನಾಗಿಬಿಡುತ್ತಾನೆ. ಕೆಲಸ ಕೆಟ್ಟದ್ದು ಯಾಕೆ, ಕೆಡಿಸಿದವರು ಯಾರು, ಕೆಡುವ ಮುಂಚೆ ಯಾರಾದರೂ ಎಚ್ಚರಿಸಿದ್ದರೇ ಎಂಬ ಪ್ರಶ್ನೆಗಳು ಹೊಗೆಯಲ್ಲಿ ಮರೆಯಾಗುತ್ತವೆ. ನನಗೆ ಈ ಪದದ ಮೇಲೆ ಇರುವ ತಕರಾರು ಇದೇ.

ನಮ್ಮ ಭಾಷೆಗಳು ಈ ಕೆಲಸವನ್ನು ಹೇಗೆ ಕಂಡಿವೆ ನೋಡಿ. ಸರ್ಕಾರ ಇಟ್ಟ ಹೆಸರು 'ಅಗ್ನಿಶಾಮಕ'. ಶಮನ, ಶಾಂತಿ, ಶಾಮಕ ಎಲ್ಲವೂ ಒಂದೇ ಧಾತುವಿನ ಮಕ್ಕಳು. ಅಗ್ನಿಶಾಮಕ ಎಂದರೆ ಅಗ್ನಿಯನ್ನು ಶಾಂತಗೊಳಿಸುವವನು, ರಚ್ಚೆ ಹಿಡಿದ ಮಗುವನ್ನು ಸುಮ್ಮನಾಗಿಸುವ ಹಾಗೆ. (ಅದರ ಮುಂದೆ 'ದಳ' ಸೇರಿಸಿ ಸೈನ್ಯವನ್ನೂ ತಂದರೆನ್ನಿ. 1964ರ ನಮ್ಮ ರಾಜ್ಯದ ಕಾಯ್ದೆಯ ಹೆಸರಿನಲ್ಲೇ 'ಫೈರ್ ಫೋರ್ಸ್' ಎಂದಿದೆ.) ನಮ್ಮ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ತಮಿಳಿನ ಟೀಚರ್ ಒಬ್ಬರು ಇನ್ನೂ ಸೊಗಸಾದ ಸಂಗತಿ ಹೇಳಿದರು. ಅವರಲ್ಲಿ ಈ ಇಲಾಖೆಗೆ 'ತೀಯಣೈಪ್ಪು' ಎಂಬ ಮಾತಿದೆಯಂತೆ. 'ಅಣೈ' ಎಂದರೆ ಆರಿಸು. ಅದೇ 'ಅಣೈ'ಗೆ ಅಪ್ಪಿಕೋ ಎಂಬ ಅರ್ಥವೂ ಉಂಟು.

ಇನ್ನು ನಮ್ಮ ಮನೆಮಾತು. ನಾವು ಬೆಂಕಿ 'ಆರಿಸುತ್ತೇವೆ'. ಈ 'ಆರು' ಎಂಬ ಪುಟ್ಟ ಧಾತುವನ್ನು ಹೆಂಗಸರು ದಿನಕ್ಕೆ ಎಷ್ಟು ಸಲ ಬಳಸುತ್ತೇವೆ ಲೆಕ್ಕ ಹಾಕಿ. ಕಾಫಿ ಆರಿಹೋಯಿತು. ಬಟ್ಟೆ ಆರಹಾಕಿದೆ. ಬಾಣಂತಿಯ ಹೊಲಿಗೆ ಇನ್ನೂ ಆರಿಲ್ಲ. ಬೆವರು ಆರಲಿ ತಾಳು, ಆಮೇಲೆ ನೀರು ಕುಡಿ. ಬಾಯಾರಿಕೆ, ದಣಿವಾರಿಸಿಕೊಳ್ಳುವುದು ಎಲ್ಲದರಲ್ಲೂ ಅದೇ. ಬಿಸಿ ತಣ್ಣಗಾಗುವುದು, ಒದ್ದೆ ಒಣಗುವುದು, ಗಾಯ ಮಾಯುವುದು, ಉರಿ ಅಡಗುವುದು ಕನ್ನಡಕ್ಕೆ ಒಂದೇ ಬಗೆಯ ಕೆಲಸ. ಜಗಳದ ಸುಳಿವೂ ಇಲ್ಲ. ಆರುವುದಕ್ಕೆ ಹೊತ್ತು ಬೇಕು, ಕಾಯಬೇಕು, ಅಷ್ಟೆ. ('ಆರಿಸು' ಎಂದರೆ ಆಯ್ಕೆ ಮಾಡು ಎಂದೂ ಆಗುತ್ತದೆ. ಚುನಾವಣೆಯಲ್ಲಿ "ನಮ್ಮನ್ನೇ ಆರಿಸಿ" ಎಂದು ಗೋಡೆಯ ಮೇಲೆ ಬರೆದಾಗ ಯಾವ ಅರ್ಥ ಹಿಡಿಯಬೇಕೆಂದು ನನ್ನ ವಿದ್ಯಾರ್ಥಿಗಳು ಕೇಳಿದ್ದುಂಟು.) ಇಂಥ ಸಂದೇಹಗಳಿಗೆ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಉತ್ತರ ಹೇಳುತ್ತಿದ್ದರು. ಅವರು 2021ರಲ್ಲಿ ತೀರಿಕೊಂಡರು. ಇದ್ದಿದ್ದರೆ 'ಫೈರ್ ಫೈಟಿಂಗ್' ಬಗ್ಗೆ ಒಂದು ಕಾರ್ಡು ಬರೆದು ಕೇಳುತ್ತಿದ್ದೆ.

ಬೆಂಕಿಯೊಡನೆ ನಮ್ಮ ಹಿರಿಯರಿಗೆ ಹಗೆತನ ಇರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿಯೂ ಇದೆ. ಋಗ್ವೇದದ ಮೊದಲ ಸೂಕ್ತವೇ ಅಗ್ನಿಯದು. ಮದುವೆಗೆ ಸಾಕ್ಷಿ ಅವನು. ನನ್ನ ಅಮ್ಮ ರಾತ್ರಿ ಊಟವಾದ ಮೇಲೆ ಸೌದೆ ಒಲೆಯ ಕೆಂಡಗಳನ್ನು ಒಟ್ಟುಮಾಡಿ ಮೇಲೆ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ, ಊದುಗೊಳವೆಯಲ್ಲಿ ಊದಿದರೆ ಬೆಂಕಿ ಎದ್ದು ಕೂರುತ್ತಿತ್ತು. 'ಬೂದಿ ಮುಚ್ಚಿದ ಕೆಂಡ' ಎಂಬ ಮಾತನ್ನು ಈಗ ಗಲಭೆಯಾದ ಊರಿನ ಬಗ್ಗೆ ಪತ್ರಿಕೆಯವರು ಬರೆಯುತ್ತಾರೆ. ಅಮ್ಮನಿಗೆ ಅದು ನಾಳೆಯ ಕಾಫಿ. ದೇವರ ಮುಂದಿನ ದೀಪವನ್ನಂತೂ 'ಆರಿಸು' ಎನ್ನಲೂ ಬಿಡುತ್ತಿರಲಿಲ್ಲ, "ಶಾಂತ ಮಾಡು" ಎನ್ನಬೇಕಿತ್ತು.

ಮಹಾಭಾರತದಲ್ಲಿ ಬೆಂಕಿಯ ಕತೆಗಳು ಎರಡಿವೆ, ಎರಡೂ ಆದಿಪರ್ವದಲ್ಲೇ. ಒಂದು ಖಾಂಡವದಹನ. ತುಪ್ಪ ತಿಂದು ಅಜೀರ್ಣವಾದ ಅಗ್ನಿಗೆ ಕಾಡೊಂದು ಬೇಕು. ಆ ಕಾಡನ್ನು ಉಳಿಸಲು ಇಂದ್ರ ಮಳೆ ಸುರಿಸುತ್ತಾನೆ. ಅರ್ಜುನ ಬಾಣಗಳ ಚಪ್ಪರ ಕಟ್ಟಿ ಮಳೆಯನ್ನು ತಡೆಯುತ್ತಾನೆ. ಅಂದರೆ ಇಲ್ಲಿ ಕಾಳಗ ನಡೆದದ್ದು ಬೆಂಕಿಯ ಪರವಾಗಿ! ಆರಿಸಲು ಬಂದವನು ಸೋತ, ಉರಿಸಿದವರು ವೀರರಾದರು, ಅರ್ಜುನನಿಗೆ ಗಾಂಡೀವ ಸಿಕ್ಕಿತು. ಯಕ್ಷಗಾನದವರಿಗೂ ಇದು ಮೆಚ್ಚಿನ ಪ್ರಸಂಗ. ಇನ್ನೊಂದು ಅರಗಿನ ಮನೆ. ಅಲ್ಲಿ ಬೆಂಕಿ ಬೀಳುವ ಮುಂಚೆಯೇ ವಿದುರನಿಗೆ ವಾಸನೆ ಹತ್ತಿತ್ತು. ಗುಟ್ಟಿನ ಮಾತಿನಲ್ಲಿ ಧರ್ಮರಾಯನಿಗೆ ಎಚ್ಚರಿಕೆ ಹೇಳಿದ, ಸುರಂಗ ತೋಡುವವನನ್ನು ಕಳಿಸಿದ. ಐದು ಮಕ್ಕಳೂ ಅವರ ತಾಯಿಯೂ ಬದುಕಿದರು. ವಿದುರನಿಗೆ ಯಾರೂ ಬಿಲ್ಲು ಕೊಡಲಿಲ್ಲ. ಒಂಬತ್ತನೇ ತರಗತಿಯಲ್ಲಿ ಈ ಎರಡು ಕತೆಗಳನ್ನು ಹೇಳಿ ಯಾರು ಇಷ್ಟ ಎಂದು ಕೇಳಿದರೆ ಗಂಡು ಹುಡುಗರ ಕೈಯೆಲ್ಲ ಅರ್ಜುನನ ಕಡೆಗೇ ಏಳುತ್ತದೆ.

ನಿಜವಾದ ಬೆಂಕಿಗೆ ಎದೆಯೊಡ್ಡುವವರನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ತಪ್ಪು ತಿಳಿಯಬೇಡಿ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಆಚರಿಸುತ್ತಾರಲ್ಲ, ಅದರ ಹಿಂದಿನ ಕತೆ ಗೊತ್ತೇ? 1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕೀನ್' ಎಂಬ ಹಡಗಿನಲ್ಲಿ ಬೆಂಕಿ ಕಾಣಿಸಿತು. ಮಧ್ಯಾಹ್ನದಿಂದ ಗಂಟೆಗಟ್ಟಲೆ ನೀರು ಹೊಡೆದರು. ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿಯಿತು, ಸ್ವಲ್ಪ ಹೊತ್ತಿನಲ್ಲೇ ಇನ್ನೊಮ್ಮೆ ಸಿಡಿಯಿತು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಅವರ ನೆನಪಿಗೇ ಆ ವಾರ. ಎದೆ ಬಿರಿಯುವ ಕತೆ. ಆದರೆ ಕತೆಯ ಇನ್ನೊಂದು ಭಾಗವನ್ನು ಸಪ್ತಾಹದ ಭಾಷಣಗಳಲ್ಲಿ ನಾನು ಕೇಳಿಲ್ಲ. ಆ ಹಡಗಿನಲ್ಲಿ ಯುದ್ಧದ ಸಿಡಿಮದ್ದಿನ ಜೊತೆಗೆ ಹತ್ತಿಯ ಮೂಟೆಗಳನ್ನೂ ತುಂಬಿದ್ದರು. ಮದ್ದು, ಹತ್ತಿ ಒಂದೇ ಹೊಟ್ಟೆಯಲ್ಲಿ! ಒಲೆಯ ಪಕ್ಕ ಸೀಮೆಎಣ್ಣೆ ಡಬ್ಬಿ ಇಡಬಾರದೆಂದು ಹತ್ತು ವರ್ಷದ ಹುಡುಗಿಗೂ ಗೊತ್ತಿರುತ್ತದೆ.

ಕೆಲಸದ ವಿಷಯಕ್ಕೆ ಈ ಪದವನ್ನು ಬಳಸುವವರಲ್ಲೂ ಕೆಲವರಿಗೆ ಇದರ ಮರ್ಮ ತಿಳಿದಿದೆ. 2000ದಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ರೋಜರ್ ಬಾನ್ ಎಂಬುವರು ಬೆಂಕಿ ಆರಿಸುತ್ತಾ ಕೂರುವುದನ್ನು ನಿಲ್ಲಿಸಿ ಎಂದೇ ಒಂದು ಲೇಖನ ಬರೆದರು. ಸಮಸ್ಯೆಗಳು ಕೈಮೀರಿದಾಗ ಅರೆಬರೆ ತೇಪೆ ಹಾಕುತ್ತಾರೆ, ತೇಪೆ ಹಾಕಿದ್ದು ಮತ್ತೆ ಹರಿಯುತ್ತದೆ, ಮುಖ್ಯವಾದದ್ದನ್ನು ಬಿಟ್ಟು ತುರ್ತಿನದನ್ನೇ ಮಾಡುತ್ತಾರೆ ಎಂಬುದು ಅವರು ಹೇಳುವ ರೋಗಲಕ್ಷಣ. ನಮ್ಮಲ್ಲಿ ಇದನ್ನೇ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಗೆಯಾಡಿದ್ದಾರೆ. ವ್ಯತ್ಯಾಸ ಗಮನಿಸಿ. ಗಾದೆಯಲ್ಲಿ ಬಾವಿ ತೋಡುವವನು ಪೆದ್ದ. 'ಫೈರ್ ಫೈಟಿಂಗ್' ಎಂದಾಗ ಅದೇ ಮನುಷ್ಯ ಶೂರ. ಒಂದು ಪದ ಬದಲಾದದ್ದಕ್ಕೆ ಎಷ್ಟೊಂದು ಬಡ್ತಿ!

ನಮ್ಮ ವೃತ್ತಿಯಲ್ಲೂ ಇದೇ ಹಾಡು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಹತ್ತನೇ ತರಗತಿಯ ಅರ್ಧ ಮಕ್ಕಳಿಗೆ ಒತ್ತಕ್ಷರ ಬಾರದೆಂದು ಪತ್ತೆಯಾಗುತ್ತದೆ. ಕೂಡಲೇ ವಿಶೇಷ ತರಗತಿ, ರಾತ್ರಿ ತರಗತಿ, ಮನೆಮನೆಗೆ ಭೇಟಿ. ಫಲಿತಾಂಶ ಏರಿದರೆ ಹತ್ತನೇ ತರಗತಿಯ ಮೇಷ್ಟ್ರಿಗೆ ಶಾಲು, ಹಾರ, ಪತ್ರಿಕೆಯಲ್ಲಿ ಫೋಟೋ. ನನಗೂ ಎರಡು ಸಲ ಶಾಲು ಬಂದಿದೆ. ಒಳ್ಳೆಯ ಶಾಲೇ, ಇಲ್ಲವೆನ್ನುವುದಿಲ್ಲ. ಆದರೆ ಒಂದನೇ ತರಗತಿಯಲ್ಲಿ ನಲವತ್ತು ಮಕ್ಕಳ ಕೈ ಹಿಡಿದು 'ಅ' ತಿದ್ದಿಸಿದ, ಮೂಗು ಒರೆಸಿದ, ಯಾವ ಮಗುವಿಗೆ ಕಣ್ಣು ಕಾಣುತ್ತಿಲ್ಲವೆಂದು ಪತ್ತೆಮಾಡಿ ಕನ್ನಡಕ ಹಾಕಿಸಿದ ಟೀಚರಿಗೆ ಯಾರಾದರೂ ಶಾಲು ಹೊದಿಸಿದ್ದನ್ನು ನೋಡಿದ್ದೀರಾ? ಅವಳ ಕೈಯಿಂದ ಬಂದ ಮಕ್ಕಳಿಗೆ ರಾತ್ರಿ ತರಗತಿಯೇ ಬೇಕಾಗುವುದಿಲ್ಲ. ಬೆಂಕಿಯೇ ಬೀಳದಿದ್ದ ಮೇಲೆ ಆರಿಸಿದವರ ಹೆಸರು ಎಲ್ಲಿಂದ ಬರಬೇಕು?

ಶಾಲೆ ಎಂದೆನಲ್ಲ, ಅಲ್ಲಿಯ ನಿಜವಾದ ಬೆಂಕಿಯ ಮಾತಿಗೇ ಬರುತ್ತೇನೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ 94 ಮಕ್ಕಳು ಸುಟ್ಟುಹೋದರು. ಮಧ್ಯಾಹ್ನದ ಊಟ ಬೇಯಿಸುತ್ತಿದ್ದ ಕಡೆ ಹತ್ತಿದ ಬೆಂಕಿ ಗರಿಯ ಚಪ್ಪರಕ್ಕೆ ಹಬ್ಬಿತ್ತು. ಮಹಡಿಯ ಮೇಲೆ ಚಿಕ್ಕ ಮಕ್ಕಳಿದ್ದರು. ಇಳಿಯುವ ದಾರಿ ಕಿರಿದಾಗಿತ್ತು. ಗರಿ, ಒಲೆ, ಕಿರಿದಾದ ಮೆಟ್ಟಿಲು ಇವೆಲ್ಲ ದಿನವೂ ಎಲ್ಲರ ಕಣ್ಣಿಗೆ ಬೀಳುತ್ತಿದ್ದವು. ಅದಾದ ಮೇಲೆ 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ದೇಶದ ಶಾಲೆಗಳಲ್ಲೆಲ್ಲ ಬೆಂಕಿ ಆರಿಸುವ ಸಾಧನ ಇರಬೇಕು, ಶಿಕ್ಷಕರಿಗೆ ತರಬೇತಿ ಕೊಡಬೇಕು ಎಂದು ಆದೇಶಿಸಿತು. ನಮ್ಮಲ್ಲೂ ಕೆಂಪು ಸಿಲಿಂಡರು ಬಂತು, ಮರಳು ತುಂಬಿದ ಕೆಂಪು ಬಕೆಟ್ಟುಗಳು ಬಂದವು. ಈ ಬಕೆಟ್ಟಿನ ತಳ ಗುಂಡಗಿರುವುದನ್ನು ಗಮನಿಸಿದ್ದೀರಾ? ನೆಲದ ಮೇಲೆ ಕೂರಬಾರದು, ಕೂತರೆ ಯಾರಾದರೂ ನೆಲ ಒರೆಸಲು ಒಯ್ದುಬಿಡುತ್ತಾರೆ ಎಂದೇ ಹಾಗೆ ಮಾಡುವುದು. ಮನುಷ್ಯರ ಸ್ವಭಾವ ಬಲ್ಲ ಯಾರೋ ಮಾಡಿದ ಬಕೆಟ್ಟು! ತರಬೇತಿಗೆ ಬಂದವರು ಬೆಂಕಿಗೆ ಬೇಕಾದದ್ದು ಮೂರು ಎಂದು ಹೇಳಿಕೊಟ್ಟರು: ಉರಿಯುವ ವಸ್ತು, ಗಾಳಿ, ಬಿಸಿ. ಮೂರರಲ್ಲಿ ಒಂದನ್ನು ತೆಗೆದರೆ ಮುಗಿಯಿತು. ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಗ್ಯಾಸ್ ಆರಿಸಿ ಮೇಲೊಂದು ತಟ್ಟೆ ಮುಚ್ಚಬೇಕು. ಕಾಳಗ ಬೇಡ, ತಟ್ಟೆ ಸಾಕು. ಗ್ಯಾಸ್ ಸೋರಿದರೆ 1906ಕ್ಕೆ, ಬೆಂಕಿ ಹತ್ತಿದರೆ 101ಕ್ಕೆ ಫೋನ್ ಮಾಡಬೇಕು.

ಇಷ್ಟು ಹೇಳಿದ ಮೇಲೆ ಹೇಳದೆ ಬಿಡಲಾಗದ ಒಂದು ಬೆಂಕಿ ಉಳಿಯುತ್ತದೆ. ನಿಮಗೆ ನನ್ನ ವಯಸ್ಸಾಗಿದ್ದರೆ ನೆನಪಿರುತ್ತದೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಪತ್ರಿಕೆಯ ಒಳಪುಟದಲ್ಲಿ ಮೂರು ಸಾಲಿನ ಸುದ್ದಿ ಬರುತ್ತಿತ್ತು: ಅಡುಗೆ ಮಾಡುವಾಗ ಸ್ಟೌ ಸಿಡಿದು ಗೃಹಿಣಿಯ ಸಾವು. ಆ ಸ್ಟೌಗಳು ಅದೆಷ್ಟು ಜಾಣ ಸ್ಟೌಗಳು! ಅತ್ತೆ ಅಡುಗೆ ಮಾಡುವಾಗ ಸಿಡಿಯುತ್ತಿರಲಿಲ್ಲ, ನಾದಿನಿ ಹಾಲು ಕಾಯಿಸುವಾಗ ಸಿಡಿಯುತ್ತಿರಲಿಲ್ಲ. ಮದುವೆಯಾಗಿ ಎರಡು ಮೂರು ವರ್ಷವಾದ ಸೊಸೆಯ ಕೈಯಲ್ಲೇ ಸಿಡಿಯುತ್ತಿದ್ದವು. 1983ರಲ್ಲಿ ದಂಡಸಂಹಿತೆಗೆ 498ಎ ಬಂತು. 1986ರಲ್ಲಿ ಮದುವೆಯಾದ ಏಳು ವರ್ಷದೊಳಗಿನ ವರದಕ್ಷಿಣೆ ಸಾವಿಗೆಂದೇ 304ಬಿ ಬಂತು. ಬೆಂಗಳೂರಿನ 'ವಿಮೋಚನಾ'ದ ಹೆಣ್ಣುಮಕ್ಕಳು ಇಂಥ ಸಾವುಗಳ ಬೆನ್ನು ಹತ್ತಿ, 'ಸ್ಟೌ ಸಿಡಿಯಿತು' ಎಂಬ ಮಾತನ್ನೇ ಪ್ರಶ್ನಿಸಿದರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತನೇ ತರಗತಿಯಲ್ಲಿದ್ದ ಒಬ್ಬ ಹುಡುಗಿ, ಚೆಂದದ ಅಕ್ಷರದವಳು, ಮದುವೆಯಾಗಿ ಪಕ್ಕದ ಜಿಲ್ಲೆಗೆ ಹೋದಳು. ತವರಿಗೆ ಬಂದಾಗಲೆಲ್ಲ ಅಳುತ್ತಿದ್ದಳಂತೆ. ಹಿರಿಯರು ಎರಡು ಸಲ ಹೋಗಿ ಕೂತು ಮಾತಾಡಿ 'ಸಮಾಧಾನ' ಮಾಡಿಸಿ ಬಂದರು. ಸ್ಕೂಟರಿನ ದುಡ್ಡಿನಲ್ಲಿ ಅರ್ಧ ಕೊಟ್ಟರು. "ಹೊಂದ್ಕೊಂಡು ಹೋಗವ್ವಾ, ಎಲ್ಲಾ ತಣ್ಣಗಾಗ್ತದೆ" ಎಂದರು. ಮೂರನೆಯ ಸಲ ಹೋದದ್ದು ಆಸ್ಪತ್ರೆಗೆ. ಅವಳ ತಾಯಿ ಇವತ್ತಿಗೂ ಮನೆಯಲ್ಲಿ ಸೀಮೆಎಣ್ಣೆ ಇಡುವುದಿಲ್ಲ.

ಈ ಕತೆಯ ಮುಂದೆ ನಮ್ಮ 'ಶಮನ'ವೂ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ. ಒಲೆಯ ಬೆಂಕಿಯನ್ನು ಶಾಂತ ಮಾಡುವುದು ಸರಿ. ಮನುಷ್ಯರು ಬೇಕೆಂದೇ ಹಚ್ಚುವ ಬೆಂಕಿಯನ್ನು? ನಮ್ಮ ಮನೆಗಳಲ್ಲಿ ಹೆಂಗಸರಿಗೆ ಒಪ್ಪಿಸಿರುವ ದೊಡ್ಡ ಕೆಲಸವೇ ಶಮನ. ಗಂಡನ ಸಿಟ್ಟನ್ನು ಮಕ್ಕಳಿಗೆ ತಾಗದಂತೆ, ಅತ್ತೆಯ ಮಾತನ್ನು ತವರಿಗೆ ಮುಟ್ಟದಂತೆ, ಅಣ್ಣತಮ್ಮಂದಿರ ಆಸ್ತಿ ಜಗಳ ಬೀದಿಗೆ ಬಾರದಂತೆ ತಣ್ಣೀರು ಹಾಕುತ್ತಾ ಓಡಾಡುವ ಅಗ್ನಿಶಾಮಕ ದಳ ಪ್ರತಿ ಮನೆಯಲ್ಲೂ ಒಂದಿದೆ. ಅದಕ್ಕೆ ಸಮವಸ್ತ್ರವಿಲ್ಲ, ರಜೆಯಿಲ್ಲ. ಅಂಥ ಕಡೆ ಇಂಗ್ಲಿಷಿನವರ ಕಾಳಗದ ಪದವೇ ವಾಸಿ ಎನ್ನಿಸುತ್ತದೆ. ಆ ಹುಡುಗಿಯ ಮನೆಯವರು ಎರಡನೆಯ ಸಲ ಹೋದಾಗ ಸಮಾಧಾನ ಬಿಟ್ಟು ಜಗಳವಾಡಿದ್ದರೆ, ಅವಳ ಪೆಟ್ಟಿಗೆ ಎತ್ತಿಕೊಂಡು ಕರೆತಂದಿದ್ದರೆ? ಹಾಗಾಗಿ ಒಂದು ಪದವನ್ನು ಹೊಗಳಿ ಇನ್ನೊಂದನ್ನು ತೆಗಳಿ ಕೈತೊಳೆದುಕೊಳ್ಳುವ ವಿಮರ್ಶೆ ನನ್ನದಲ್ಲ. ಯಾವ ಬೆಂಕಿ, ಹಚ್ಚಿದವರು ಯಾರು ಎಂದು ಕೇಳದೆ ಪದವನ್ನು ಬಳಸುವುದಕ್ಕೆ ನನ್ನ ವಿರೋಧ.

ಇಂಗ್ಲಿಷಿನವರೂ ತಮ್ಮ ಪದವನ್ನು ಒಮ್ಮೆ ತಿದ್ದಿಕೊಂಡಿದ್ದಾರೆ. ಮೊದಲು ಅವರಲ್ಲಿ ಇದ್ದದ್ದು 'ಫೈರ್‌ಮನ್'. ಬೆಂಕಿ ಆರಿಸುವವನೂ ಫೈರ್‌ಮನ್, ಉಗಿಬಂಡಿಯ ಎಂಜಿನ್ನಿಗೆ ಕಲ್ಲಿದ್ದಲು ಎಸೆದು ಬೆಂಕಿ ಎಬ್ಬಿಸುವವನೂ ಫೈರ್‌ಮನ್! ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದ ನಮ್ಮ ದೊಡ್ಡಪ್ಪನನ್ನು ಬೆಂಕಿ ಆರಿಸುವವನೆಂದೇ ಊರವರು ಬಹಳ ಕಾಲ ನಂಬಿದ್ದರು. ಹೆಂಗಸರೂ ಈ ಕೆಲಸಕ್ಕೆ ಬಂದ ಮೇಲೆ 'ಮನ್' ಹೊಂದಲಿಲ್ಲ, 'ಫೈರ್ ಫೈಟರ್' ಗಟ್ಟಿಯಾಯಿತು. ನಮ್ಮ ದೇಶದಲ್ಲಿ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿಗೆ 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಸೇರಿದಾಗ ಅಲ್ಲಿ ಅವರೊಬ್ಬರೇ ಹುಡುಗಿ. ಕನ್ನಡದ 'ಅಗ್ನಿಶಾಮಕ'ಕ್ಕೆ ಸ್ತ್ರೀಲಿಂಗ ಏನೆಂದು ನಾವಿನ್ನೂ ತಲೆಕೆಡಿಸಿಕೊಂಡಿಲ್ಲ.

ಆರಿಸುವವರಿಗೆ ಇಷ್ಟೆಲ್ಲ ಹೆಸರಿರುವಾಗ ಬೀಳದಂತೆ ನೋಡಿಕೊಳ್ಳುವವರಿಗೆ ಏನೆನ್ನಬೇಕು? ನನಗೆ ಗೊತ್ತಿರುವ ಒಂದೇ ಒಳ್ಳೆಯ ಮಾತು ಕಾಡಿನದು. ಬಂಡೀಪುರ, ನಾಗರಹೊಳೆಯ ಕಡೆ ಬೇಸಿಗೆ ಬರುವ ಮುಂಚೆ, ಚಳಿಗಾಲದಲ್ಲೇ, ದಾರಿಯ ಅಂಚಿನ ಹುಲ್ಲು, ತರಗು ಸವರಿ, ಬೇಕಾದ ಕಡೆ ತಾವೇ ಸುಟ್ಟು, ಬೆಂಕಿ ದಾಟದ ಹಾಗೆ ಬರಿನೆಲದ ಪಟ್ಟಿ ಮಾಡುತ್ತಾರೆ. ಅದಕ್ಕೆ 'ಬೆಂಕಿ ರೇಖೆ' ಎಂದು ಹೆಸರು. ಕಾಡನ್ನು ಅಂಗೈ ಹಾಗೆ ಬಲ್ಲ ಕಾಡಿನ ಮಕ್ಕಳನ್ನೇ ಈ ಕೆಲಸಕ್ಕೆ ದಿನಗೂಲಿಯ ಮೇಲೆ ತೆಗೆದುಕೊಳ್ಳುತ್ತಾರೆ. ರೇಖೆ ಎಳೆದರೂ ಬೆಂಕಿ ದಾಟಿದ ವರ್ಷಗಳಿವೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸತ್ತರು. 2019ರಲ್ಲಿ ಸಾವಿರಾರು ಎಕರೆ ಸುಟ್ಟಿತು. ಆಗ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಕಾಡೇ ಕಾಡು. ಡಿಸೆಂಬರಿನಲ್ಲಿ ಕತ್ತಿ ಹಿಡಿದು ಹುಲ್ಲು ಸವರುವವರ ಬಳಿಗೆ ಯಾವ ಕ್ಯಾಮೆರಾ ಹೋಗುತ್ತದೆ?

ಈ ಸಲ ಹತ್ತನೇ ತರಗತಿಗೆ ಪದರಚನೆಯ ಅಭ್ಯಾಸ ಕೊಟ್ಟಿದ್ದೆ: ಬೆಂಕಿ ಬೀಳದಂತೆ ಮೊದಲೇ ನೋಡಿಕೊಳ್ಳುವವರಿಗೆ ಒಂದು ಕನ್ನಡ ಪದ ಕಟ್ಟಿ. 'ಅಗ್ನಿರಕ್ಷಕ', 'ಬೆಂಕಿಗಾವಲಿ', 'ಜ್ವಾಲಾನಿರೋಧಕ' ಎಲ್ಲ ಬಂದವು. ಒಬ್ಬ ಹುಡುಗ 'ವಿದುರ' ಎಂದು ಬರೆದಿದ್ದ, ನನ್ನನ್ನು ಮೆಚ್ಚಿಸಲು ಇರಬೇಕು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು 'ವಾಚರ್' ಎಂದು ಬರೆದಳು. "ಇಂಗ್ಲಿಷ್ ಆಯ್ತಲ್ಲೇ?" ಎಂದೆ. "ನಮ್ ಚಿಕ್ಕಪ್ಪ ಅದೇ ಮಿಸ್. ಬ್ಯಾಸ್ಗೇಲಿ ನಾಕ್ ತಿಂಗ್ಳು ಕಾಡಲ್ಲಿ ಫೈರ್ ವಾಚರ್. ಮರದ ಮೇಲೆ ಕುಂತ್ಕಂಡು ಹೊಗೆ ಬರ್ತದಾ ಅಂತ ನೋಡ್ತಾ ಇರ್ತಾರೆ" ಎಂದಳು. ಅಭ್ಯಾಸದ ನಿಯಮಕ್ಕೆ ಅದು ಹೊಂದಲಿಲ್ಲ. ಆದರೂ ಪೂರ್ತಿ ಅಂಕ ಕೊಟ್ಟೆ.